ನಿವೃತ್ತಿಯ ನಂತರದ ನಲವತ್ತು ವರ್ಷ: ಫೀಲ್ಡ್ ಮಾರ್ಷಲ್ ಕೆ. ಎಂ. ಕಾರ್ಯಪ್ಪ

ಬೋಧನಾಭ್ಯಾಸದ ಅವಧಿಯಲ್ಲಿ ಜಮಖಂಡಿ ತಾಲ್ಲೂಕಿನ ತುಬಚಿಯಲ್ಲಿ ನಾನು ವೀಕ್ಷಿಸಿದ ಒಂದು ಪಾಠದಿಂದ ಈ ಬರಹ ಹುಟ್ಟಿತು. ಒಂಬತ್ತನೆಯ ತರಗತಿ. ನಮ್ಮ ಪ್ರಶಿಕ್ಷಣಾರ್ಥಿನಿ ಜನವರಿ 15ರ ಸೇನಾ ದಿನದ ನಿಮಿತ್ತ ಕಾರ್ಯಪ್ಪನವರ ಜೀವನವನ್ನು ವಿಷಯವಾಗಿ ಆರಿಸಿಕೊಂಡಿದ್ದರು. ಚಿತ್ರಪಟ, ನಕಾಶೆ, ಕಪ್ಪುಹಲಗೆಯ ಮೇಲಿನ ಕಾಲರೇಖೆ ಎಲ್ಲವೂ ಅಚ್ಚುಕಟ್ಟಾಗಿದ್ದವು. ಕಾಲರೇಖೆ 1899ರಲ್ಲಿ ಆರಂಭವಾಗಿ 1949ಕ್ಕೆ ಬಂದು ನಿಂತಿತು. ಅದರ ಮುಂದೆ ಒಂದು ಬಾಣ, ಬಾಣದ ತುದಿಗೆ 1993, ನಿಧನ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, ನಡುವಿನ ಇಷ್ಟೊಂದು ವರ್ಷ ಅವರು ಏನು ಮಾಡಿದರು ಎಂದು ಕೇಳಿದಳು. ನಿವೃತ್ತರಾಗಿ ಊರಿನಲ್ಲಿ ಆರಾಮವಾಗಿದ್ದರು ಎಂಬ ಉತ್ತರ ಬಂತು. ಹುಡುಗಿ ಕುಳಿತಳು, ಆದರೆ ಅವಳ ಮುಖದಲ್ಲಿ ಒಪ್ಪಿಗೆ ಕಾಣಲಿಲ್ಲ. ಅವಳ ತಂದೆ ಹದಿನೇಳು ವರ್ಷ ಸೈನ್ಯದಲ್ಲಿದ್ದು ಬಂದವರು, ಈಗ ಸಕ್ಕರೆ ಕಾರ್ಖಾನೆಯೊಂದರ ಗೇಟಿನಲ್ಲಿ ಕಾವಲುಗಾರರಾಗಿದ್ದಾರೆ ಎಂಬುದು ಪಾಠ ಮುಗಿದ ಮೇಲೆ ತಿಳಿಯಿತು.

ಪ್ರಶಿಕ್ಷಣಾರ್ಥಿನಿಯ ತಪ್ಪು ಎಂದು ನಾನು ಹೇಳುವುದಿಲ್ಲ. ಕಾರ್ಯಪ್ಪನವರ ಬಗ್ಗೆ ನಾವು ಓದುವ ಬಹುತೇಕ ಬರಹಗಳು ಅಲ್ಲಿಗೇ ನಿಲ್ಲುತ್ತವೆ. ಆದರೆ ಲೆಕ್ಕ ಹಾಕಿ ನೋಡಿದರೆ ಅವರು ಸೈನ್ಯದಲ್ಲಿದ್ದದ್ದು 1919ರ ಕೊನೆಯಿಂದ 1953ರ ಜನವರಿಯವರೆಗೆ, ಅಂದರೆ ಸುಮಾರು 33 ವರ್ಷ. ಸಮವಸ್ತ್ರ ಕಳಚಿಟ್ಟ ಮೇಲೆ ಬದುಕಿದ್ದು 40 ವರ್ಷ. ಆ ಹುಡುಗಿ ಕೇಳಿದ್ದು ಈ ದೊಡ್ಡ ಭಾಗದ ಬಗ್ಗೆ.

ಕೊಡಂದೇರ ಮಾದಪ್ಪ ಕಾರ್ಯಪ್ಪನವರು ಹುಟ್ಟಿದ್ದು 1899ರ ಜನವರಿ 28ರಂದು, ಕೊಡಗಿನ ಶನಿವಾರಸಂತೆಯಲ್ಲಿ. ತಂದೆ ಕಂದಾಯ ಇಲಾಖೆಯ ನೌಕರರು. ಮನೆಯಲ್ಲಿ ಮಗನನ್ನು ಚಿಮ್ಮ ಎಂದು ಕರೆಯುತ್ತಿದ್ದರು. ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನಲ್ಲಿ ಓದಿ, ಮುಂದೆ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು ಸೇರಿದರು.

ಕೊಡಗಿನಲ್ಲಿ ಆಯುಧ ಮನೆಯ ವಸ್ತು. ಜಮ್ಮಾ ಭೂಮಿಯನ್ನು ಉಳುವವನು ಕರೆ ಬಂದಾಗ ದಂಡಿಗೆ ಹೋಗಬೇಕೆಂಬ ಪದ್ಧತಿ ಅಲ್ಲಿ ರಾಜರ ಕಾಲದಿಂದ ಇತ್ತು. ಹೊಲ ಮತ್ತು ಸೇವೆ ಒಂದಕ್ಕೊಂದು ಕಟ್ಟಿಕೊಂಡಿದ್ದವು. ಬ್ರಿಟಿಷರೂ ಇದನ್ನು ಮನ್ನಿಸಿ 1861ರಲ್ಲಿ ಕೊಡವರಿಗೆ ಆಯುಧ ಕಾಯಿದೆಯಿಂದ ವಿನಾಯಿತಿ ಕೊಟ್ಟರು. ನಮ್ಮ ಭಾಗದ ಮಕ್ಕಳಿಗೆ ಈ ಮಾತು ಹೇಳುವಾಗ ಮುಧೋಳ ತಾಲ್ಲೂಕಿನ ಹಲಗಲಿಯನ್ನು ಪಕ್ಕದಲ್ಲಿಟ್ಟು ತೋರಿಸಬೇಕು. ಅದಕ್ಕೆ ನಾಲ್ಕೇ ವರ್ಷ ಹಿಂದೆ, 1857ರಲ್ಲಿ, ಅದೇ ಸರ್ಕಾರ ಆಯುಧ ಒಪ್ಪಿಸಿರೆಂದು ಹಲಗಲಿಯ ಬೇಡರಿಗೆ ಆಜ್ಞೆ ಮಾಡಿತು. ಅವರು ಒಪ್ಪದಿದ್ದಾಗ ಊರಿಗೆ ಬೆಂಕಿ ಬಿತ್ತು, 19 ಮಂದಿ ಗಲ್ಲಿಗೇರಿದರು. ಹತ್ತನೆಯ ತರಗತಿಯ ಕನ್ನಡ ಪಠ್ಯದಲ್ಲಿ ಲಾವಣಿಯಾಗಿ ಮಕ್ಕಳು ಓದುವ ಕತೆಯೇ ಇದು. ಒಂದು ಊರಿನವರ ಕೈಯಲ್ಲಿ ಕೋವಿ ಗೌರವದ ಗುರುತಾಯಿತು, ಇನ್ನೊಂದು ಊರಿನವರ ಕೈಯಲ್ಲಿ ಅಪರಾಧವಾಯಿತು. ಸೈನ್ಯ ಎಂದಾಗ ಕೊಡಗಿನ ಹುಡುಗನಿಗೂ ನಮ್ಮ ಕೃಷ್ಣಾ ತೀರದ ಹುಡುಗನಿಗೂ ಹಿರಿಯರಿಂದ ಬಂದ ನೆನಪುಗಳು ಬೇರೆ ಬೇರೆ.

ಮೊದಲನೆಯ ಮಹಾಯುದ್ಧದಲ್ಲಿ 13 ಲಕ್ಷಕ್ಕೂ ಹೆಚ್ಚು ಭಾರತೀಯರು ಕಡಲಾಚೆ ಸೇವೆ ಸಲ್ಲಿಸಿದರು. ಸುಮಾರು 74 ಸಾವಿರ ಮಂದಿ ಹಿಂದಿರುಗಲಿಲ್ಲ. ಇಷ್ಟಾದರೂ ಅಧಿಕಾರಿಯ ಪದವಿ ಭಾರತೀಯನಿಗೆ ಇರಲಿಲ್ಲ. ಆ ಬೇಡಿಕೆಗೆ ಮಣಿದು ಸರ್ಕಾರ ಇಂದೋರಿನ ಡೇಲಿ ಕಾಲೇಜಿನಲ್ಲಿ ಮೊದಲ ತಂಡಕ್ಕೆ ತರಬೇತಿ ಏರ್ಪಡಿಸಿತು. ಕಾರ್ಯಪ್ಪ ಆ ತಂಡದಲ್ಲಿ ಒಬ್ಬರು. 1919ರ ಡಿಸೆಂಬರಿನಲ್ಲಿ ಕಮಿಷನ್ ದೊರೆಯಿತು. ಹೀಗೆ ನೋಡಿದರೆ ಸತ್ತವರ ಮತ್ತು ಮರಳಿ ಬಂದವರ ಸೇವೆಗೆ ದೇಶ ಕೇಳಿ ಪಡೆದ ಪ್ರತಿಫಲಗಳಲ್ಲಿ ಒಂದು ಕಾರ್ಯಪ್ಪನವರಂಥವರ ಅಧಿಕಾರಪತ್ರ. ಅವರಿಗೂ ಇದು ಗೊತ್ತಿದ್ದಿರಬೇಕೆಂದು ಅವರ ಮುಂದಿನ ನಡೆಗಳನ್ನು ನೋಡಿದಾಗ ನನಗೆ ಅನ್ನಿಸುತ್ತದೆ.

ಮುಂದಿನ ಮೂವತ್ತು ವರ್ಷಗಳ ವಿವರ ಎಲ್ಲ ಪುಸ್ತಕಗಳಲ್ಲೂ ಸಿಗುವುದರಿಂದ ಇಲ್ಲಿ ಚುಟುಕಾಗಿ ಹೇಳುತ್ತೇನೆ. ಮೆಸೊಪೊಟೇಮಿಯಾ, ವಜೀರಿಸ್ತಾನಗಳಲ್ಲಿ ಸೇವೆ. 1933ರಲ್ಲಿ ಕ್ವೆಟ್ಟಾದ ಸ್ಟಾಫ್ ಕಾಲೇಜಿಗೆ ಪ್ರವೇಶ ಪಡೆದ ಮೊದಲ ಭಾರತೀಯ ಅಧಿಕಾರಿ. 1942ರಲ್ಲಿ ಬೆಟಾಲಿಯನ್ ಒಂದರ ಅಧಿಪತ್ಯ ವಹಿಸಿದ ಮೊದಲ ಭಾರತೀಯ. ಎರಡನೆಯ ಮಹಾಯುದ್ಧದಲ್ಲಿ ಇರಾಕ್, ಸಿರಿಯಾ, ಇರಾನ್, ಬಳಿಕ ಬರ್ಮಾ. ಯುದ್ಧದ ಕೊನೆಗೆ ವಜೀರಿಸ್ತಾನದ ಬನ್ನು ಬ್ರಿಗೇಡಿನ ಮುಖ್ಯಸ್ಥರಾಗಿದ್ದಾಗ ಅವರ ಕೈಕೆಳಗೆ ಅಯೂಬ್ ಖಾನ್ ಎಂಬ ಅಧಿಕಾರಿ ಇದ್ದರು. ಈ ಹೆಸರನ್ನು ನೆನಪಿಡಿ, ಮುಂದೆ ಬರುತ್ತದೆ.

ಆ ಯುದ್ಧದಲ್ಲಿ ಭಾರತದ ಸೈನ್ಯ 25 ಲಕ್ಷಕ್ಕೆ ಬೆಳೆದಿತ್ತು. ಎಲ್ಲರೂ ತಾವಾಗಿ ಸೇರಿದವರು. ಯುದ್ಧ ಮುಗಿದೊಡನೆ ಅವರಲ್ಲಿ ಬಹುಪಾಲು ಜನರನ್ನು ಮನೆಗೆ ಕಳಿಸಲಾಯಿತು. ಟ್ರಕ್ಕು ಓಡಿಸಲು, ವೈರ್‌ಲೆಸ್ ನಡೆಸಲು ಕಲಿತಿದ್ದ ಲಕ್ಷಾಂತರ ಯುವಕರು ಒಂದೆರಡು ವರ್ಷಗಳಲ್ಲಿ ಹಳ್ಳಿಗಳಿಗೆ ಮರಳಿದರು. ಊರಲ್ಲಿ ಓಡಿಸಲು ಟ್ರಕ್ಕು ಇರಲಿಲ್ಲ, ತಮ್ಮಂದಿರು ಹೊಲ ಹಂಚಿಕೊಂಡಿದ್ದರು. ಅಧಿಕಾರಿಯಾಗಿ ಕಾರ್ಯಪ್ಪನವರು ಕಣ್ಣಾರೆ ಕಂಡ ಚಿತ್ರ ಇದು.

ದೇಶ ವಿಭಜನೆಯಾದಾಗ ಸೈನ್ಯವನ್ನೂ ಹಂಚಬೇಕಾಯಿತು. ಆ ಕೆಲಸದಲ್ಲಿ ಅವರ ಪಾಲಿತ್ತು. 1948ರ ಆರಂಭದಲ್ಲಿ ಪಶ್ಚಿಮದ ಕಮಾಂಡಿನ ಹೊಣೆ ಹೊತ್ತರು. ಕಾಶ್ಮೀರದ ಕಾರ್ಯಾಚರಣೆ ಅವರ ಕೈಗೆ ಬಂತು. ತಮ್ಮದೇ ಮನೆತನದ ತಿಮ್ಮಯ್ಯನವರನ್ನು ಅಲ್ಲಿಗೆ ಆರಿಸಿ ಕಳಿಸಿದರು. ನವೆಂಬರಿನಲ್ಲಿ ತಿಮ್ಮಯ್ಯನವರ ಪಡೆ ಸಮುದ್ರಮಟ್ಟದಿಂದ 11 ಸಾವಿರ ಅಡಿಗೂ ಎತ್ತರದ ಜೋಜಿಲಾ ಕಣಿವೆಗೆ ಟ್ಯಾಂಕುಗಳನ್ನು ಏರಿಸಿತು. ದ್ರಾಸ್, ಕಾರ್ಗಿಲ್ ಮರಳಿ ಸಿಕ್ಕವು, ಲೇಹ್‌ಗೆ ಹಾದಿ ತೆರೆಯಿತು. 1949ರ ಜನವರಿ 15ರಂದು ಜನರಲ್ ರಾಯ್ ಬುಚರ್ ಅವರಿಂದ ಕಾರ್ಯಪ್ಪನವರು ಸೇನೆಯ ಮಹಾದಂಡನಾಯಕತ್ವ ವಹಿಸಿಕೊಂಡರು. ಆಗ ಅವರಿಗೆ ಐವತ್ತು ತುಂಬಲು ಎರಡು ವಾರ ಉಳಿದಿತ್ತು. ಜಾತಿ ಪ್ರಾಂತಗಳ ಆಧಾರದ ಮೇಲೆ ನಿಂತಿದ್ದ ರೆಜಿಮೆಂಟುಗಳ ನಡುವೆ, ಎಲ್ಲ ಕಡೆಯ ಯುವಕರನ್ನೂ ಸೇರಿಸಿಕೊಳ್ಳುವ ಬ್ರಿಗೇಡ್ ಆಫ್ ದಿ ಗಾರ್ಡ್ಸ್ ಅವರ ಕಾಲದಲ್ಲೇ ರೂಪುಗೊಂಡಿತು. ಶಾಲೆಯಲ್ಲಿ ನಾವು ಚೀಟಿ ಅಂಟಿಸಿ ಹಣ ಸಂಗ್ರಹಿಸುವ ಡಿಸೆಂಬರ್ 7ರ ಧ್ವಜ ದಿನಾಚರಣೆ ಆರಂಭವಾದದ್ದೂ 1949ರಲ್ಲಿಯೇ. ಆ ಹಣ ಹೋಗುವುದು ಸೈನಿಕರ ಕುಟುಂಬಗಳ ಮತ್ತು ಮರಳಿ ಬಂದ ಸೈನಿಕರ ಕ್ಷೇಮಕ್ಕೆ. ಐದು ರೂಪಾಯಿ ಕೊಡುವ ವಿದ್ಯಾರ್ಥಿಗೆ ಇದನ್ನು ಹೇಳುವ ಶಿಕ್ಷಕರು ಎಷ್ಟು ಮಂದಿ ಎಂದು ಒಮ್ಮೆ ನಮ್ಮನ್ನೇ ಕೇಳಿಕೊಳ್ಳಬಹುದು.

ಕಾರ್ಯಪ್ಪನವರ ನಡೆನುಡಿ ಪೂರಾ ಇಂಗ್ಲಿಷ್ ಶಿಸ್ತಿನದು. ಹಿಂದಿ ಅವರಿಗೆ ಸರಿಯಾಗಿ ಬರುತ್ತಿರಲಿಲ್ಲ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಜವಾನರಿಗೆ ದೇಶ ಸ್ವತಂತ್ರವಾಯಿತು ಎನ್ನಲು ಹೋಗಿ, ದೇಶ ಪುಕ್ಕಟೆಯಾಯಿತು ಎಂಬ ಅರ್ಥದ ಪದ ಬಳಸಿಬಿಟ್ಟರೆಂದು ಸೈನ್ಯದಲ್ಲಿ ನಗುತ್ತ ಹೇಳುವ ಕತೆಯಿದೆ. ಭಾಷಾ ಶಿಕ್ಷಕರಾಗುವವರಿಗೆ ಇದು ಉಪಯೋಗಕ್ಕೆ ಬಂದೀತು. ನಾನು ಇದನ್ನು ಹೇಳಿದ್ದು ಬೇರೆ ಕಾರಣಕ್ಕೆ. ಸಿಪಾಯಿಯ ಭಾಷೆ ನಾಲಗೆಗೆ ಒಗ್ಗದ ಮನುಷ್ಯ ಸಿಪಾಯಿಯ ಮನೆಯ ಕಷ್ಟವನ್ನು ತನ್ನದೆಂದುಕೊಂಡದ್ದು ಹೇಗೆ ಎಂಬುದನ್ನು ಮುಂದಿನ ಭಾಗದಲ್ಲಿ ನೋಡಬೇಕು.

1953ರ ಜನವರಿಯಲ್ಲಿ ನಿವೃತ್ತಿ. ಸರ್ಕಾರ ಅವರನ್ನು ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿಗೆ ಹೈಕಮಿಷನರ್ ಆಗಿ ಕಳಿಸಿತು. 1956ರಲ್ಲಿ ಅದೂ ಮುಗಿಯಿತು. ಮಡಿಕೇರಿಯ ತಮ್ಮ ಮನೆ ರೋಷನಾರಾದಲ್ಲಿ ನೆಲೆಸಿದರು. ಇಲ್ಲಿಂದ ಅವರೂ ಒಬ್ಬ ಮಾಜಿ ಸೈನಿಕ. ಮಾಜಿ ಎಂಬ ಪದ ನಮ್ಮಲ್ಲಿ ಮಂತ್ರಿಗೂ ಸೈನಿಕನಿಗೂ ಒಂದೇ. ಮಾಜಿ ಮಂತ್ರಿಗೆ ಊರಿನಲ್ಲಿ ಕುರ್ಚಿ ಸಿಗುತ್ತದೆ. ಮಾಜಿ ಸೈನಿಕ ಕಚೇರಿಯ ಕಿಟಕಿಯ ಮುಂದೆ ಸರದಿಯಲ್ಲಿ ನಿಂತಿರುತ್ತಾನೆ.

ಸೈನಿಕನ ನಿವೃತ್ತಿ ಬೇರೆ ನೌಕರರ ನಿವೃತ್ತಿಯಂತಲ್ಲ ಎಂಬುದನ್ನು ತರಗತಿಯಲ್ಲಿ ಬಿಡಿಸಿ ಹೇಳಬೇಕಾಗುತ್ತದೆ. ಶಿಕ್ಷಕರು ಅರವತ್ತು ವರ್ಷದವರೆಗೆ ಸಂಬಳ ಪಡೆಯುತ್ತಾರೆ. ಅಷ್ಟರಲ್ಲಿ ಮಕ್ಕಳ ಓದು, ಮದುವೆ ಒಂದು ಹಂತಕ್ಕೆ ಬಂದಿರುತ್ತವೆ. ಗಡಿಯಲ್ಲಿ ಗುಡ್ಡ ಹತ್ತಲು ಗಟ್ಟಿ ದೇಹ ಬೇಕು, ಆದ್ದರಿಂದ ಸೈನ್ಯ ಸಿಪಾಯಿಯನ್ನು ಮೂವತ್ತೈದು ನಲವತ್ತರ ಒಳಗೆ ಮನೆಗೆ ಕಳಿಸುತ್ತದೆ. ಪಿಂಚಣಿಗೆ ಕನಿಷ್ಠ 15 ವರ್ಷ ಸೇವೆ ಆಗಿರಬೇಕು. ಮಕ್ಕಳು ಇನ್ನೂ ಪ್ರಾಥಮಿಕ ಶಾಲೆಯಲ್ಲಿರುವಾಗ, ಖರ್ಚು ಏರುತ್ತಿರುವಾಗ ಸಂಬಳ ಅರ್ಧಕ್ಕೆ ಇಳಿಯುತ್ತದೆ. ದೇಶಕ್ಕೆ ಯುವ ಸೈನ್ಯ ಬೇಕೆಂಬ ಕಾರಣಕ್ಕೆ ಆತ ಬೇಗ ಮನೆಗೆ ಬಂದಿದ್ದಾನೆ. ಆ ಲಾಭ ದೇಶದ್ದಾದರೆ ಅದರ ವೆಚ್ಚವನ್ನೂ ದೇಶವೇ ಹೊರಬೇಕಾದದ್ದು ನ್ಯಾಯ. ಇದನ್ನು ದಯೆ ಎಂದು ಕರೆದರೆ ಲೆಕ್ಕ ತಪ್ಪುತ್ತದೆ.

ಕಾರ್ಯಪ್ಪನವರು 1964ರಲ್ಲಿ ಇಂಡಿಯನ್ ಎಕ್ಸ್ ಸರ್ವಿಸಸ್ ಲೀಗ್ ಸ್ಥಾಪನೆಯ ಮುಂಚೂಣಿಯಲ್ಲಿ ನಿಂತರು. 1962ರ ಚೀನಾ ಯುದ್ಧದ ಸೋಲು ಆಗ ಹಸಿಯಾಗಿತ್ತು, ಸೈನ್ಯದ ಬಗ್ಗೆ ಜನ ಮರುಕದಿಂದಲೂ ಕೋಪದಿಂದಲೂ ಮಾತನಾಡುತ್ತಿದ್ದ ಕಾಲ. ಮರಳಿ ಬಂದ ಸೈನಿಕರ ಪಿಂಚಣಿ, ಉದ್ಯೋಗ, ವಿಧವೆಯರ ಪಾಡು ಇವುಗಳಿಗೆ ದೇಶಮಟ್ಟದ ಒಂದು ದನಿ ಬೇಕಿತ್ತು. ಮಹಾದಂಡನಾಯಕರಾಗಿದ್ದವರು ಆ ದನಿಯಾಗಿ ನಿಂತಾಗ ದೆಹಲಿಯ ಕಚೇರಿಗಳು ಕಿವಿಗೊಡದೆ ಇರುವುದು ಕಷ್ಟ. ಯುದ್ಧಗಳ ಸಮಯದಲ್ಲಿ ನಿವೃತ್ತಿಯ ವಯಸ್ಸಿನಲ್ಲೂ ಗಡಿಗೆ ಹೋಗಿ ಜವಾನರನ್ನು ಕಂಡು ಬರುತ್ತಿದ್ದರು.

1965ರ ಸೆಪ್ಟೆಂಬರ್ 22. ಪಾಕಿಸ್ತಾನದೊಡನೆ ಯುದ್ಧ ಮುಗಿಯುವ ಕೊನೆಯ ದಿನ. ಅವರ ಮಗ, ವಾಯುಪಡೆಯ ಫ್ಲೈಟ್ ಲೆಫ್ಟಿನೆಂಟ್ ಕೆ. ಸಿ. ಕಾರ್ಯಪ್ಪ, ಹಾರಿಸುತ್ತಿದ್ದ ಹಂಟರ್ ವಿಮಾನಕ್ಕೆ ಗುಂಡು ತಗುಲಿ ಶತ್ರುವಿನ ಕೈಗೆ ಸೆರೆಯಾದರು. ಆಗ ಪಾಕಿಸ್ತಾನದ ಅಧ್ಯಕ್ಷರಾಗಿದ್ದವರು ಅದೇ ಅಯೂಬ್ ಖಾನ್. ಹಳೆಯ ಮೇಲಧಿಕಾರಿಯ ಮಗನೆಂದು ತಿಳಿದು, ಬೇಕಾದರೆ ಬಿಡುಗಡೆ ಮಾಡುವುದಾಗಿ ಹೇಳಿ ಕಳಿಸಿದರು. ಕಾರ್ಯಪ್ಪನವರು ಒಪ್ಪಲಿಲ್ಲ. ಸೆರೆಯಲ್ಲಿರುವ ಎಲ್ಲ ಭಾರತೀಯ ಯೋಧರೂ ತಮ್ಮ ಮಕ್ಕಳೇ, ಬಿಡುವುದಾದರೆ ಎಲ್ಲರನ್ನೂ ಬಿಡಲಿ, ಮಗನಿಗೆ ಬೇರೆ ಉಪಚಾರ ಬೇಡ ಎಂಬುದು ಅವರ ಉತ್ತರದ ತಾತ್ಪರ್ಯ. ಮಗ ಮರಳಿದ್ದು 1966ರ ಆರಂಭದಲ್ಲಿ, ಉಳಿದ ಕೈದಿಗಳ ಜೊತೆಯಲ್ಲಿ.

ಈ ಪ್ರಸಂಗವನ್ನು ತರಗತಿಯಲ್ಲಿ ತ್ಯಾಗದ ಕತೆಯಾಗಿ ಹೇಳುವುದು ರೂಢಿ. ಹಾಗೆ ಹೇಳಿದರೆ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ಅಲ್ಲಿಗೆ ಮುಗಿಯುತ್ತದೆ. ನನಗೆ ಇದರಲ್ಲಿ ಸಮಾನತೆಯ ಮಾತು ಹೆಚ್ಚು ಕಾಣುತ್ತದೆ. ಮಹಾದಂಡನಾಯಕನ ಮಗನಿಗೆ ಒಂದು ನ್ಯಾಯ, ಹಳ್ಳಿಯ ರೈತನ ಮಗನಿಗೆ ಒಂದು ನ್ಯಾಯ ಆಗಬಾರದು ಎಂದು ಅವರು ಸ್ವಂತ ಮಗನ ಮೇಲೆಯೇ ಅನ್ವಯಿಸಿ ತೋರಿಸಿದರು. ಸೆರೆಯಲ್ಲಿದ್ದ ಇತರರ ತಂದೆ ತಾಯಿಯರಿಗೆ ಅಧ್ಯಕ್ಷರ ಪರಿಚಯ ಇರಲಿಲ್ಲ ಎಂಬ ಒಂದು ವಾಕ್ಯ ಸೇರಿಸಿ ಹೇಳಿ ನೋಡಿ, ಪ್ರಶ್ನೆಗಳು ಬೇರೆಯೇ ಬರುತ್ತವೆ.

ಅವರ ಎಲ್ಲ ಹೆಜ್ಜೆಗಳೂ ಗೆಲುವಿನವಲ್ಲ. 1971ರಲ್ಲಿ ಮುಂಬೈಯ ಒಂದು ಕ್ಷೇತ್ರದಿಂದ ಲೋಕಸಭೆಗೆ ನಿಂತು ಸೋತರು. ಸೈನಿಕ ರಾಜಕೀಯದಿಂದ ದೂರವಿರಬೇಕೆಂದು ಅಧಿಕಾರದಲ್ಲಿದ್ದಾಗ ಕಟ್ಟುನಿಟ್ಟಾಗಿದ್ದವರು ಮತ ಕೇಳಲು ಹೋದದ್ದು ಸರಿಯೇ ಎಂಬ ಚರ್ಚೆಗೆ ಅವಕಾಶವಿದೆ. ಜೀವನ ಚರಿತ್ರೆ ಪಾಠದಲ್ಲಿ ಇಂಥ ಸಂಗತಿಯನ್ನು ಮುಚ್ಚಿಡುವ ಅಭ್ಯಾಸ ನಮ್ಮದು. ಮುಚ್ಚಿಟ್ಟರೆ ಮನುಷ್ಯ ಹೋಗಿ ಗೊಂಬೆ ಉಳಿಯುತ್ತದೆ.

ಇಲ್ಲಿ ಸ್ವಲ್ಪ ನಮ್ಮ ಊರ ಕಡೆಗೆ ತಿರುಗೋಣ. ಕನ್ನಡ ನಾಡಿನ ಹಳ್ಳಿಗಳಲ್ಲಿ ಗುಡಿಯ ಬಳಿಯೋ ಅಗಸೆಯ ಬಳಿಯೋ ವೀರಗಲ್ಲು ನಿಂತಿರುತ್ತದೆ. ಸಾಮಾನ್ಯವಾಗಿ ಮೂರು ಅಂತಸ್ತು. ಕೆಳಗೆ ಹೋರಾಟ, ನಡುವೆ ವೀರನನ್ನು ಎತ್ತಿ ಒಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಕುಳಿತ ವೀರ. ಗಾಯಗೊಂಡು ಮನೆಗೆ ಮರಳಿದವನಿಗೆ ಆ ಕಲ್ಲಿನಲ್ಲಿ ಅಂತಸ್ತಿಲ್ಲ. ಇಂದಿಗೂ ನಮ್ಮ ಮನಸ್ಸು ಹೆಚ್ಚು ಕಡಿಮೆ ಆ ಕಲ್ಲಿನಂತೆಯೇ ಇದೆ. 2016ರ ಫೆಬ್ರವರಿಯಲ್ಲಿ ಸಿಯಾಚಿನ್ ಹಿಮದಡಿ ಆರು ದಿನ ಬದುಕುಳಿದು ಬಳಿಕ ತೀರಿಕೊಂಡ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರ ಅಂತ್ಯಕ್ರಿಯೆಗೆ ಕುಂದಗೋಳ ತಾಲ್ಲೂಕಿನ ಬೆಟದೂರಿನಲ್ಲಿ ಸಾವಿರಾರು ಜನ ಸೇರಿದರು. ಸೇರಬೇಕಾದದ್ದೇ. ಆದರೆ ಬದುಕಿ ಬಂದವನ ಮನೆಗೆ ಎಷ್ಟು ಜನ ಹೋಗುತ್ತೇವೆ?

ಹಾಗೆಂದು ನಮ್ಮ ಹಿರಿಯರು ಮರಳಿ ಬಂದವನನ್ನು ಮರೆತಿರಲಿಲ್ಲ. ಕಲ್ಲಿನ ಚಿತ್ರದಲ್ಲಿ ಇಲ್ಲದ್ದು ಕಲ್ಲಿನ ಬರಹದಲ್ಲಿ ಇದೆ. ಸತ್ತವನ ಕುಟುಂಬಕ್ಕೆ ಕೊಡುವ ಭೂಮಿಗೆ ನೆತ್ತರುಗೊಡಗೆ ಎಂದು ಹೆಸರು. ಗೆದ್ದು ಬಂದವನ ಕತ್ತಿ ತೊಳೆದು ಕೊಡುವ ದತ್ತಿಗೆ ಬಾಳ್ಗಚ್ಚು ಎಂದು ಹೆಸರು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನದಲ್ಲಿ ಇದರ ಒಳ್ಳೆಯ ನಿದರ್ಶನವಿದೆ. ಕ್ರಿ.ಶ. 949ರ ತಕ್ಕೋಲ ಯುದ್ಧದಲ್ಲಿ ಹೋರಾಡಿದ ಮಣಲೆರನಿಗೆ ಗಂಗರ ಬೂತುಗ ಊರುಗಳನ್ನು ಬಾಳ್ಗಚ್ಚಾಗಿ ಕೊಟ್ಟ. ಮಣಲೆರ ತನ್ನ ಒಡೆಯನಿಂದ ಕಾಳಿ ಎಂಬ ನಾಯಿಯನ್ನು ಬೇಡಿ ಪಡೆದದ್ದೂ, ಅದು ಹಂದಿಯೊಡನೆ ಹೋರಾಡಿ ಸತ್ತದ್ದೂ ಅದೇ ಕಲ್ಲಿನಲ್ಲಿದೆ. ಮಕ್ಕಳಿಗೆ ನಾಯಿಯ ಕತೆ ಹೇಳಿದರೆ ಬಾಳ್ಗಚ್ಚು ಎಂಬ ಪದ ತಾನಾಗಿ ನೆನಪಿನಲ್ಲಿ ಉಳಿಯುತ್ತದೆ. ಸಾವಿರ ವರ್ಷದ ಹಿಂದೆ ಎರಡು ಸ್ಥಿತಿಗಳಿಗೂ ಎರಡು ಹೆಸರಿದ್ದವು. ಕಾರ್ಯಪ್ಪನವರ ಲೀಗು ಕೇಳಿದ್ದು ಎರಡನೆಯದನ್ನು.

ಅವರಿಗೆ ಸಲ್ಲಬೇಕಾದದ್ದೂ ತಡವಾಗಿಯೇ ಸಂದಿತು. 1986ರ ಏಪ್ರಿಲ್ 28ರಂದು ರಾಷ್ಟ್ರಪತಿ ಭವನದಲ್ಲಿ ಫೀಲ್ಡ್ ಮಾರ್ಷಲ್ ಪದವಿ ಪ್ರದಾನವಾಯಿತು. ಆಗ ಅವರಿಗೆ 87 ವರ್ಷ, ನಿವೃತ್ತರಾಗಿ 33 ವರ್ಷ. ಆ ಪದವಿ ಪಡೆದವರು ಭಾರತದಲ್ಲಿ ಇಬ್ಬರೇ, ಮಾಣೆಕ್‌ಷಾ ಮತ್ತು ಇವರು. ಫೀಲ್ಡ್ ಮಾರ್ಷಲ್ ಎಂದಿಗೂ ನಿವೃತ್ತನಾಗುವುದಿಲ್ಲ ಎಂಬುದು ನಿಯಮ. ಆದರೂ ಮಾಣೆಕ್‌ಷಾ ಅವರಿಗೆ ಆ ಪದವಿಗೆ ತಕ್ಕ ಸಂಬಳದ ಬಾಕಿ ಕೈಸೇರಿದ್ದು 2007ರಲ್ಲಿ, ಆಸ್ಪತ್ರೆಯ ಹಾಸಿಗೆಯ ಮೇಲಿದ್ದಾಗ. ದೇಶದ ಅತಿ ಎತ್ತರದ ಸೈನಿಕನ ಕಡತ ಹೀಗೆ ಸರಿದರೆ ಸಿಪಾಯಿಯ ಕಡತದ ವೇಗವನ್ನು ಊಹಿಸಿಕೊಳ್ಳಬಹುದು.

1993ರ ಮೇ 15ರಂದು ಕಾರ್ಯಪ್ಪನವರು ಬೆಂಗಳೂರಿನಲ್ಲಿ ತೀರಿಕೊಂಡರು. ಅಂತ್ಯಕ್ರಿಯೆ ಮಡಿಕೇರಿಯಲ್ಲಿ ನಡೆಯಿತು. ಮೂರೂ ಪಡೆಗಳ ಮುಖ್ಯಸ್ಥರು, ಮಾಣೆಕ್‌ಷಾ ಬಂದಿದ್ದರು.

ಅವರು ಎತ್ತಿದ ಪ್ರಶ್ನೆಗಳು ಅವರೊಡನೆ ಹೋಗಲಿಲ್ಲ. ಒಂದೇ ದರ್ಜೆಯಲ್ಲಿ ಒಂದೇ ಅವಧಿ ದುಡಿದವರಿಗೆ, ಯಾವಾಗ ನಿವೃತ್ತರಾದರೂ, ಒಂದೇ ಪಿಂಚಣಿ ಇರಬೇಕೆಂಬ ಬೇಡಿಕೆಗಾಗಿ ಮಾಜಿ ಸೈನಿಕರು ದಶಕಗಳ ಕಾಲ ಹೋರಾಡಿದರು. ಅದು ಜಾರಿಗೆ ಬಂದದ್ದು 2015ರಲ್ಲಿ, 2014ರ ಜುಲೈ 1ರಿಂದ ಅನ್ವಯವಾಗುವಂತೆ. 2022ರ ಜೂನಿನಲ್ಲಿ ಅಗ್ನಿಪಥ ಯೋಜನೆ ಬಂತು. ಸೇವೆ ನಾಲ್ಕು ವರ್ಷ, ಅದರ ಕೊನೆಗೆ ನಾಲ್ವರಲ್ಲಿ ಒಬ್ಬರವರೆಗೆ ಮಾತ್ರ ಮುಂದುವರಿಕೆ, ಉಳಿದವರಿಗೆ ಪಿಂಚಣಿ ಇಲ್ಲದೆ ಸುಮಾರು 11.71 ಲಕ್ಷ ರೂಪಾಯಿಯ ಸೇವಾ ನಿಧಿ. ಬೆಳಗಿನ ಜಾವ ನಮ್ಮ ರಸ್ತೆಗಳಲ್ಲಿ ಭರ್ತಿಗಾಗಿ ಓಡುವ ಹುಡುಗರು ಇನ್ನು ಮುಂದೆ ಇಪ್ಪತ್ತೈದರ ಆಸುಪಾಸಿನಲ್ಲೇ ಮಾಜಿ ಸೈನಿಕರಾಗಿ ಊರಿಗೆ ಬರುತ್ತಾರೆ. ಅವರಲ್ಲಿ ಕೆಲವರು ನಮ್ಮ ಬಿ.ಇಡಿ. ತರಗತಿಯಲ್ಲೂ ಕುಳಿತಾರು. ಯೋಜನೆಯ ಗುಣದೋಷವನ್ನು ತೀರ್ಮಾನಿಸುವುದು ಈ ಬರಹದ ಕೆಲಸವಲ್ಲ. ಆದರೆ ನಾಗರಿಕ ಶಾಸ್ತ್ರದ ತರಗತಿಯಲ್ಲಿ ಹುಡುಗರು ಇದನ್ನು ಕೇಳಿಯೇ ಕೇಳುತ್ತಾರೆ, ಅಂಕಿಗಳು ಶಿಕ್ಷಕರ ಕೈಯಲ್ಲಿರಬೇಕು.

ತುಬಚಿಯ ಪಾಠದ ಬಗ್ಗೆ ಹೇಳುವುದು ಸ್ವಲ್ಪ ಉಳಿದಿದೆ. ವೀಕ್ಷಣಾ ಚರ್ಚೆಯಲ್ಲಿ ಕಾಲರೇಖೆಯ ಬಾಣದ ಮೇಲೆ ಮಾತು ಬಂತು. ಪ್ರಶಿಕ್ಷಣಾರ್ಥಿನಿ ಪಾಠಯೋಜನೆಯನ್ನು ಮತ್ತೆ ಬರೆದರು. 1953, 1964, 1965, 1986 ಎಂಬ ನಾಲ್ಕು ಗೀಟು ಬಾಣದ ಮೇಲೆ ಬಂದವು. ಮುಖ್ಯ ಗುರುಗಳ ಒಪ್ಪಿಗೆ ಪಡೆದು ಆ ಹುಡುಗಿಯ ತಂದೆಯನ್ನೂ ಮುಂದಿನ ವಾರದ ಪಾಠಕ್ಕೆ ಕರೆದರು. ರಾತ್ರಿ ಪಾಳಿ ಮುಗಿಸಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಅವರು ಬಂದರು. ಎಷ್ಟು ಮಂದಿಯನ್ನು ಕೊಂದಿದ್ದೀರಿ ಎಂಬುದು ಹುಡುಗರ ಮೊದಲ ಪ್ರಶ್ನೆ. ತಾವು ಸೈನ್ಯದಲ್ಲಿ ಗಾಡಿ ಓಡಿಸುತ್ತಿದ್ದವರು, ಹಿಮ ಬಿದ್ದ ರಸ್ತೆಯಲ್ಲಿ ಚಕ್ರಕ್ಕೆ ಸರಪಳಿ ಕಟ್ಟಿ ಅಕ್ಕಿ, ಸೀಮೆಎಣ್ಣೆ ಮೇಲೆ ಮುಟ್ಟಿಸುವುದು ತಮ್ಮ ಕೆಲಸವಾಗಿತ್ತು ಎಂದು ಅವರು ಹೇಳಿದರು. ಆಮೇಲೆ ಊರಿಗೆ ಬಂದ ಮೊದಲ ವರ್ಷದ ಬಗ್ಗೆ ಮಾತನಾಡಿದರು. ಪಿಂಚಣಿ ಕಾಗದದಲ್ಲಿ ಹೆಂಡತಿಯ ಹೆಸರಿನ ಒಂದು ಅಕ್ಷರ ತಪ್ಪಾಗಿತ್ತಂತೆ, ಅದನ್ನು ತಿದ್ದಿಸಲು ಹನ್ನೊಂದು ಸಲ ಅಲೆದರಂತೆ. ಹುಡುಗರು ನಕ್ಕರು. ಅವರೂ ನಕ್ಕರು. ಮಗಳು ಮಾತ್ರ ಹಲಗೆಯ ಮೇಲಿನ ಕಾಲರೇಖೆಯನ್ನು ಪಟ್ಟಿಪುಸ್ತಕಕ್ಕೆ ಇಳಿಸಿಕೊಳ್ಳುತ್ತಿದ್ದಳು. ಗಂಟೆ ಬಾರಿಸುವ ಮೊದಲೇ ಅವರು ಎದ್ದರು. ಮಧ್ಯಾಹ್ನ ಇನ್ನೊಬ್ಬರ ಪಾಳಿಯನ್ನೂ ಅವರೇ ಒಪ್ಪಿಕೊಂಡಿದ್ದರು.